ಸೋಪಿನ ಸಾಲಿನ ಕೆಳಗೆ

"ಸಕ್ಕರೆ ಸಾಲು ಒಂಚೂರು ಮೇಲೆ ಹೋಗ್ಲಿ," ಎಂದು ಪತ್ರಿಕೆಯ ಜಾಹೀರಾತು ವಿಭಾಗದ ಮೇಲಧಿಕಾರಿ ಅವನ ಹೆಗಲ ಮೇಲಿಂದ ಬಗ್ಗಿ ಹೇಳಿದರು. "ಇದೇ ಕೊನೇದು. ಮುಂದಿನ ವಾರದಿಂದ ಅಂಗಡಿಯವ್ರು ಎಲ್ಲಾ ಮೊಬೈಲಲ್ಲೇ ಹಾಕ್ತಾರಂತೆ. ನಿನ್ನ ಮೇಜಿನ ಈ ಫೋನೂ ಬೆಳಿಗ್ಗೇನೇ ಕಟ್ ಮಾಡ್ಸಿದೀವಿ."

ದೊಡ್ಡ ದಿನಸಿ ಅಂಗಡಿಯ ಬೆಲೆಗಳ ಪುಟವನ್ನು ಹತ್ತೊಂಬತ್ತು ವರ್ಷದಿಂದ ಪ್ರತಿ ಬುಧವಾರ ಜೋಡಿಸುತ್ತಿದ್ದವನು ಅವನೇ. ಗುರುವಾರ ಪತ್ರಿಕೆಯಲ್ಲಿ ಅದು ಬಂತೆಂದರೆ, ಎದುರಿನ ಅಂಗಡಿಯವನೂ ಬಾಯಿ ಮುಚ್ಚಿಕೊಂಡು ಬೆಲೆ ಇಳಿಸುತ್ತಿದ್ದ. ಆ ಪುಟ ಹೋದರೆ ಯಾರ್ಯಾರ ಕೆಲಸ ಹೋಗುತ್ತದೋ ಎಂದು ಕಚೇರಿಯೆಲ್ಲ ಗುಸುಗುಸು. ಅವನ ಚಿಂತೆ ಮಾತ್ರ ಫೋನಿನದು.

ಪ್ರತಿ ಬುಧವಾರ ಎರಡು ಗಂಟೆಗೆ ಸರಿಯಾಗಿ ಅದರಲ್ಲಿ ಮುದುಕಿಯೊಬ್ಬಳ ಕೆಮ್ಮು ಕೇಳಿಸುತ್ತಿತ್ತು. "ಪೇಪರಪ್ಪಾ, ಊಟ ಆಯ್ತಾ?"

"ಆಯ್ತಮ್ಮಾ." ಆಗಿರಲಿ ಬಿಡಲಿ, ಉತ್ತರ ಅದೇ.

"ನಾಳೆ ಸೋಪು ಇಳಿಯುತ್ತಾ, ಇವತ್ತೇ ತಂದ್ಬಿಡ್ಲಾ?"

ಮೊದಲೇ ಹೇಳಬಾರದೆಂಬ ನಿಯಮವಿತ್ತು. ಆದರೂ ಹೇಳುತ್ತಿದ್ದ. ಹೆಂಡತಿ ತೀರಿಹೋದ ಮೇಲೆ ಅವನು ಉಂಡನೋ ಇಲ್ಲವೋ ಎಂದು ಕೇಳುವ ಜೀವ ಅದೊಂದೇ. ಹೆಸರು, ನಂಬರು ಯಾವುದನ್ನೂ ಕೇಳಿಟ್ಟುಕೊಳ್ಳದ ತನ್ನ ಪೆದ್ದುತನಕ್ಕೆ ಈಗ ತನ್ನನ್ನೇ ಬೈದುಕೊಂಡ.

ಮೇಲಧಿಕಾರಿ ಅತ್ತ ಹೋದ ಮೇಲೆ ರಿಸೀವರ್ ಎತ್ತಿ ನೋಡಿದ. ಸದ್ದಿಲ್ಲ. ಕೆಲಸ ಹೋದರೆ ಹೋಗಲಿ ಎಂದುಕೊಂಡು, ಸೋಪಿನ ಸಾಲಿನ ಕೆಳಗೆ ಅತಿ ಸಣ್ಣ ಅಕ್ಷರದಲ್ಲಿ "ಬುಧವಾರದ ಬೆಲೆಗೆ" ಎಂದು ಬರೆದು ಮನೆಯ ನಂಬರು ಸೇರಿಸಿ, ಪುಟವನ್ನು ಅಚ್ಚಿಗೆ ಕಳಿಸಿಬಿಟ್ಟ.

ಮುಂದಿನ ಬುಧವಾರ ರಜೆ ಹಾಕಿ, ಅಂಗಡಿಗೆ ಹೋಗಿ, ಕಪಾಟುಗಳ ಮುಂದೆ ನಿಂತು ಬೆಲೆಗಳನ್ನು ಚೀಟಿಯಲ್ಲಿ ಗೀಚಿಕೊಂಡು ಬಂದ. ಸೋಪು ಮೂರು ರೂಪಾಯಿ ಹೆಚ್ಚು, ಎಣ್ಣೆ ಹನ್ನೊಂದು ಹೆಚ್ಚು. ಎದುರಿನವನೂ ಆಗಲೇ ಏರಿಸಿಯಾಗಿತ್ತು. ಪತ್ರಿಕೆಯಲ್ಲಿ ಆ ಪುಟವೇ ಇಲ್ಲದ ಮೇಲೆ ಆ ಅಂಗಡಿಯವನಿಗಿನ್ನು ಯಾರ ಹೆದರಿಕೆ?

ಒಂದೂವರೆಗೆ ಮನೆಯ ಫೋನು ಬಡಿದುಕೊಂಡಿತು. "ಹಲೋ, ಎಣ್ಣೆ ಎಷ್ಟು?" ಯಾವುದೋ ಗಡಸು ಗಂಡುದನಿ. ಹೇಳಿದ. ಇಡುವಷ್ಟರಲ್ಲಿ ಇನ್ನೊಂದು, ಮತ್ತೊಂದು. "ಅಷ್ಟೊಂದಾ? ನಿಮ್ಗೇನು ಮನುಷ್ಯತ್ವ ಇಲ್ವೇನ್ರೀ?" ಎಂದು ಒಬ್ಬಾಕೆ ಅವನೇ ಬೆಲೆ ಏರಿಸಿದವನಂತೆ ಜಾಡಿಸಿದಳು. ಆಕೆಯ ಬೈಗುಳ ಮುಗಿಯುವ ಹೊತ್ತಿಗೆ ಎರಡು ದಾಟಿತ್ತು. ಮೂರೂ ಆಯಿತು. ಊರಿನ ಅರ್ಧ ಜನಕ್ಕೆ ಸಕ್ಕರೆಯ ಬೆಲೆ ಹೇಳಿ ಅವನ ಗಂಟಲು ಒಣಗಿತು.

ಮತ್ತೆ ಫೋನು. ಮೊದಲು ಕೆಮ್ಮು.

"ಆಗ್ಲಿಂದ ಮಾಡ್ತಾನೇ ಇದೀನಿ ಪೇಪರಪ್ಪಾ, ಬರೀ ಎಂಗೇಜು."

"ಸೋಪು ಮೂರು ಜಾಸ್ತಿ ಆಗಿದೆಯಮ್ಮಾ..."

"ಸೋಪು ಹಾಳಾಗ್ಲಿ. ಊಟ ಆಯ್ತಾ?"

ಅವನು ಒಲೆಯ ಕಡೆ ನೋಡಿದ. ನಿನ್ನೆ ತೊಳೆದು ಬೋರಲು ಹಾಕಿದ ಪಾತ್ರೆ ಹಾಗೇ ಇತ್ತು.

"ಇಲ್ಲಮ್ಮಾ," ಎಂದ.