ಎರಡು ಮಾರು ಹಗ್ಗ

“ಏ ರೇಣಿ, ಬೋಸುಡಿ! ಆ ನಿನ್ನ ಪೀಪಿ ಬಂದ್ ಮಾಡಸ್ತೀಯೋ, ಇಲ್ಲಾ ನಿನ್ನ ಹಾಜರಿ ಬಂದ್ ಮಾಡ್ಲೋ?”

ಪೀಪಿ ಎಂದರೆ ರೇಣವ್ವನ ಮಗ ಹುಲ್ಲಪ್ಪ. ಒಂದೂವರೆ ವರ್ಷ. ಬಾಯಲ್ಲಿ ಎಂಟು ಹಲ್ಲು, ಉಳಿದದ್ದೆಲ್ಲ ದನಿ. ಕೂಗಿದವನು ಖಣಿಯಲ್ಲಿ ಆಳುಗಳ ಮೇಲೆ ಕಣ್ಣಿಡುವ ಮುಕಾದಮ ಅಮಾತೆಪ್ಪ. ಇಲಕಲ್ಲಿಗೆ ಟೂರಿಂಗ್ ಟಾಕೀಸು ಬಂದಾಗಿನಿಂದ ಅವನು ಮನುಷ್ಯರ ಹಾಗೆ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. ಶುಕ್ರವಾರ ಸಿನಿಮಾ ಬದಲಾದರೆ ಶನಿವಾರ ಅವನ ಬೈಗುಳ ಬದಲಾಗುತ್ತಿತ್ತು. ತನ್ನದು ಹೀರೋ ಆಗುವ ಮೋರೆ ಅಲ್ಲವೆಂದು ಅವನಿಗೂ ಗೊತ್ತಿತ್ತು. ಹಾಗಾಗಿ ಖಳನಾಯಕನ ಪಾರ್ಟನ್ನೇ ಪೂರಾ ಬಾಯಿಪಾಠ ಮಾಡಿದ್ದ.

ರೇಣವ್ವ ತಲೆಯ ಮೇಲಿನ ಕಲ್ಲಿನ ಬುಟ್ಟಿ ಅಲುಗದಂತೆ ನಿಂತಳು.

“ದವಡಿ ಹಲ್ಲ ಬರಾಕತ್ತಾವ್ರೀ. ಅದಕ್ಕ ಅಳತಾನ.”

“ಈ ಖಣಿಯಾಗ ಅಳೂದು, ನಗೂದು, ಉಸರಾಡೂದು, ಎಲ್ಲಾ ನನ್ನ ಕೇಳಿ ಮಾಡಬೇಕು! ತಿಳೀತಿಲ್ಲೋ?”

“ಅವಗಿನ್ನಾ ಮಾತು ಬರಂಗಿಲ್ರಿ. ಹೆಂಗ ಕೇಳತಾನ?”

ಪಕ್ಕದಲ್ಲಿ ಬುಟ್ಟಿ ತುಂಬುತ್ತಿದ್ದ ಲಾಡಬಿ ಸೆರಗು ಬಾಯಿಗೆ ಇಟ್ಟುಕೊಂಡು ಕೆಮ್ಮಿದಳು. ಅದು ಕೆಮ್ಮಲ್ಲವೆಂದು ಅಮಾತೆಪ್ಪನಿಗೂ ಗೊತ್ತಾಯಿತು. ಆದರೆ ಆ ಸೀನಿಗೆ ಡೈಲಾಗು ನೆನಪಾಗಲಿಲ್ಲ. “ಹಾಟ್ಯಾನಾವು” ಎಂದು ಉಗಿದು ಮುಂದೆ ಹೋದ.

ಊರ ಹೊರಗಿನ ಕೆಂಪು ಕಲ್ಲಿನ ಖಣಿ ಅದು. ಗಂಡಸರು ಬಂಡೆ ಸೀಳುತ್ತಿದ್ದರು, ಹೆಂಗಸರು ಚೂರು ಹೊತ್ತು ದೂರದ ಗುಡ್ಡೆಗೆ ಸುರಿಯುತ್ತಿದ್ದರು. ರೇಣವ್ವ ಬೆಳ್ಳಿ ಮೂಡುವ ಮುಂಚೆ ರೊಟ್ಟಿ ಬಡಿಯಬೇಕು, ಮಗನ ಕುಂಡಿ ತೊಳೆಯಬೇಕು, ತೊಳೆದ ಮೇಲೆ ಅವನು ಮತ್ತೆ ಮಾಡಿಕೊಂಡರೆ ಮತ್ತೆ ತೊಳೆಯಬೇಕು. ಬಗಲಲ್ಲಿ ಅವನು, ತಲೆಯ ಮೇಲೆ ಬುತ್ತಿ, ಎರಡು ಮೈಲಿ ನಡಿಗೆ. ದಾರಿಯುದ್ದಕ್ಕೂ ಅವನು ಅವಳ ಮೂಗುತಿ ಕಿತ್ತುಕೊಳ್ಳಲು ನೋಡುವನು. ಗಂಡ ಹನಮಂತಪ್ಪ ದುಡಿಯಲು ಗೋವಾಕ್ಕೆ ಹೋಗಿದ್ದ. ಹೋಗಿದ್ದ, ಅಷ್ಟೇ. ಸಿನಿಮಾ ಆಗಿದ್ದರೆ ಇಷ್ಟು ಹೊತ್ತಿಗೆ ಒಂದು ಪತ್ರವಾದರೂ ಬರುತ್ತಿತ್ತು, ಇಲ್ಲವೇ ಒಂದು ಹಾಡು.

ಹುಲ್ಲ್ಯಾ ಅಂಬೆಗಾಲಿಡುವವರೆಗೆ ತೊಂದರೆ ಇರಲಿಲ್ಲ. ನಡೆಯಲು ಕಲಿತ ದಿನ ಅವನು ನೆಟ್ಟಗೆ ಮದ್ದು ಹಾರಿಸುವ ಗುಂಡಿಯ ಕಡೆ ನಡೆದ. ಢಂ ಎಂಬ ಸದ್ದು ಅವನಿಗೆ ಭಾಳ ಸೇರಿತ್ತು. ಅವತ್ತು ಲಾಡಬಿ ಓಡಿಹೋಗಿ ಅವನ ಒಂದು ಕಾಲು ಹಿಡಿದು ಎಳೆಯದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಮರುದಿನ ಅಮಾತೆಪ್ಪ ಎರಡು ಮಾರು ಹಗ್ಗ ತಂದು ಅವಳ ಮುಂದೆ ಒಗೆದಿದ್ದ.

“ಕಟ್ಟಿ ಕೆಲಸಾ ಮಾಡು. ಸಂಜೀಕ ಸೀಟಿ ಊದೂ ತನಕಾ ಬಿಚ್ಚಿದಿ ಅಂದ್ರ ನಿನ್ನ ಕತಿ ಅಲ್ಲೇ ದಿ ಎಂಡ್.”

ಖಣಿಯ ತಾಯಂದಿರೆಲ್ಲ ಹಾಗೇ ಕಟ್ಟುತ್ತಿದ್ದರು, ಬಂಡೆ ಬಿಗಿಯುವ ಗಂಟು ಹಾಕಿ. ಸೊಂಟಕ್ಕೆ ಹಳೆ ಸೀರೆಯ ಪಟ್ಟಿ ಸುತ್ತಿ, ಮೇಲೆ ಹಗ್ಗ ಬಳಸಿ, ಬೆನ್ನ ಹಿಂದೆ ಗಂಟು. ಎಳೆದರೆ ಸೊಂಟ ಬಿಗಿಯುವುದಿಲ್ಲ, ಗಂಟೇ ಬಿಗಿಯುತ್ತದೆ. ಬಿಚ್ಚಬೇಕಾದರೆ ಎಳೆಯಬಾರದು, ಹಗ್ಗವನ್ನು ಒಳಕ್ಕೆ ನೂಕಬೇಕು. ಕಲ್ಲು ಹೊರುವವರ ಕೈಗೆ ಇದು ಗೊತ್ತು, ಕಲ್ಲು ಮಾರುವವರ ಕೈಗೆ ಗೊತ್ತಿಲ್ಲ. ಹಗ್ಗದ ಇನ್ನೊಂದು ತುದಿ ಕಲ್ಲಿನ ಗುಡ್ಡೆಯ ಬುಡದ ದೊಡ್ಡ ಬಂಡೆಗೆ. ಬೆಳಿಗ್ಗೆ ಗುಡ್ಡೆಯ ಹಿಂದೆ, ಆ ಕಡೆ ನೆರಳು. ಸೂರ್ಯ ನೆತ್ತಿ ದಾಟುತ್ತಿದ್ದಂತೆ ನೆರಳು ಗುಡ್ಡೆಯನ್ನು ಸುತ್ತಿ ಬಾಗಿಲಿನತ್ತ, ಈ ಕಡೆ ಬರುತ್ತದೆ. ನೆರಳಿಗೆ ಹಗ್ಗ ಇಲ್ಲ, ಹುಲ್ಲ್ಯಾನಿಗೆ ಇದೆ. ಆದ್ದರಿಂದ ದಿನಾ ಮಧ್ಯಾಹ್ನ ರೇಣವ್ವ ಬುಟ್ಟಿ ಸುರಿದ ನೆಪದಲ್ಲಿ ಓಡಿಹೋಗಿ ಅವನನ್ನು ಈ ಕಡೆಗೆ ಕಟ್ಟಿ, ಎರಡು ಗುಟುಕು ನೀರು ಕುಡಿಸಿ, ಓಡಿ ಬರುತ್ತಿದ್ದಳು. ಒಂದು ದಿನವೂ ತಪ್ಪಿರಲಿಲ್ಲ.

೧೯೮೨ರ ಆ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಬಂದು ನೋಡಿದರೆ ಖಣಿಯ ಬಾಗಿಲಲ್ಲಿ ತಗಡಿನ ಕೋಣೆಗೆ ಸುಣ್ಣ ಬಳಿದಿತ್ತು. ಮೇಲೆ ಬೋರ್ಡು: ‘ಶಿಶುವಿಹಾರ’. ಬರೆದವನು ಟಾಕೀಸಿನ ಪೋಸ್ಟರು ಬರೆಯುವ ಪೇಂಟರು. ಬೋರ್ಡಿನ ಮೇಲಿನ ಕೂಸಿಗೆ ನಾಯಕಿಯ ರೆಪ್ಪೆ, ನಾಯಕಿಯ ತುಟಿ. ಒಳಗೆ ಬಾಡಿಗೆಯ ಕಟ್ಟಿಗೆ ತೊಟ್ಟಿಲು, ಒಂದು ಮೇಜು, ಒಂದು ಗಿಲಿಗಿಚ್ಚಿ, ಒಂದು ಪುಡಕಿ ಬಿಸ್ಕೀಟು.

“ಯಾ ಅಲ್ಲಾ, ಯಾರದಿದು ಬಾಣಂತನಾ?” ಅಂದಳು ಲಾಡಬಿ.

ಬಾಣಂತನ ಸರಕಾರದ್ದಾಗಿತ್ತು. ಹೆಂಗಸರು ದುಡಿಯುವ ಖಣಿಯಲ್ಲಿ ಅವರ ಮಕ್ಕಳಿಗೆ ಒಂದು ಮನೆ ಇರಬೇಕೆಂದು ಕಾಯಿದೆಯಂತೆ. ಅದನ್ನು ನೋಡಲು ಬಿಜಾಪುರದಿಂದ ಸಾಹೇಬರು ಬರುತ್ತಾರಂತೆ. ಕಾಯಿದೆ ಎಷ್ಟು ವರ್ಷ ಹಳೆಯದೋ ಯಾರಿಗೂ ಗೊತ್ತಿರಲಿಲ್ಲ, ಸುಣ್ಣ ಮಾತ್ರ ಇನ್ನೂ ಹಸಿ ಇತ್ತು.

ಖಣಿಯ ಮಾಲಕ ವಿರೂಪಣ್ಣ ಸಾವುಕಾರ ಜೀಪಿನಿಂದ ಇಳಿದ. ತೋಳಲ್ಲಿ ಮೊಮ್ಮಗ ಬಾಬು, ಎರಡು ವರ್ಷ. ಮಖಮಲ್ಲಿನ ಕೋಟು, ಜರಿ ಟೊಪ್ಪಿಗೆ, ಮುಖಕ್ಕೆ ಒಂದು ಡಬ್ಬಿ ಪೌಡರು.

“ನಿಮ್ಮ ಹುಡುಗರ್ನೆಲ್ಲಾ ಗುಡ್ಡಿ ಹಿಂದ ಕಟ್ರಿ. ಸಾಹೇಬ್ರ ಕಣ್ಣಿಗೆ ಒಂದೂ ಬೀಳಬಾರದು,” ಎಂದ.

ರೇಣವ್ವ ಕೇಳಿದಳು: “ಕೂಸಿನ ಮನಿಯಾಗ ಕೂಸು ಬ್ಯಾಡೇನ್ರೀ?”

“ಐತೆಲ್ಲ. ನನ್ನ ಮೊಮ್ಮಗ. ನಿಮ್ಮವ್ರ ಮೂಗು ನೋಡಿದ್ರ ಸಾಹೇಬ್ರು ಉಂಡದ್ದು ಕಾರ್ಯಾರು.”

ತೊಟ್ಟಿಲು ತೂಗಲು ಒಬ್ಬಳು ಆಯಾ ಬೇಕಿತ್ತು. ಹರಿಯದ ಸೀರೆ ಇದ್ದದ್ದು ರೇಣವ್ವನ ಹತ್ತಿರ ಮಾತ್ರ, ಮದುವೆಯ ಇಲಕಲ್ ಸೀರೆ. ಅಮಾತೆಪ್ಪ ಅವಳನ್ನು ಮನೆಗೆ ಓಡಿಸಿ ಅದನ್ನೇ ಉಡಿಸಿ ಕರೆತಂದ. ಆರಿಸಿದ್ದು ತಾನೇ ಎಂಬ ಗತ್ತಿನಲ್ಲಿ ಸೊಂಟಕ್ಕೆ ಕೈ ಇಟ್ಟು ಹೇಳಿದ: “ಈ ತೊಟ್ಟಲಾ ನಿಂತ ಕ್ಷಣಾ ನಿನ್ನ ನಸೀಬ ನಿಂತಂಗ!”

ಬೆಳಗಿನ ಎಂಟು ಗಂಟೆಗೆ ಬರಬೇಕಿದ್ದ ಸಾಹೇಬರು ಹತ್ತಾದರೂ ಬರಲಿಲ್ಲ. ಕೂಡಲಸಂಗಮಕ್ಕೆ ಹೋಗಿ ದರ್ಶನ ಮುಗಿಸಿ ಬರುತ್ತಾರೆಂದು ಸುದ್ದಿ ಬಂತು. ಸಾವುಕಾರ ಎದುರುಗೊಳ್ಳಲು ಹುನಗುಂದದ ಕ್ರಾಸಿಗೆ ಹೋದ.

ತಗಡಿನ ಕೋಣೆ ಕಾದ ಹಂಚಾಯಿತು. ಬಾಬುವಿನ ಪೌಡರು ಇಳಿದು ಕೊರಳಲ್ಲಿ ಹಿಟ್ಟು ನಾದಿದಂತಾಯಿತು. ಅವನು ಅತ್ತ. ರೇಣವ್ವ ಕೋಟು, ಟೊಪ್ಪಿಗೆ ಕಳಚಿಟ್ಟಳು. ತೂಗಿದಳು. ಗಿಲಿಗಿಚ್ಚಿ ಆಡಿಸಿದಳು. ಕಣ್ಣು ಮಾತ್ರ ಬಾಗಿಲ ಆಚೆಗೆ, ಗುಡ್ಡೆಯ ಅಂಚಿಗೆ. ಅಲ್ಲಿಂದ ಹುಲ್ಲ್ಯಾ ಕಾಣುತ್ತಿರಲಿಲ್ಲ, ನೆರಳು ಕಾಣುತ್ತಿತ್ತು. ಮೊದಲು ಎರಡು ಆಳಿನಷ್ಟಿತ್ತು. ಆಮೇಲೆ ಒಂದು ಆಳು.

“ಮುಕಾದಮರ, ನೆಳ್ಳು ಹೊಂಟೈತ್ರಿ. ಒಂದ ಗಳಿಗಿ ಹೋಗಿ ಕೂಸಿನ್ನ ಈ ಕಡೆ ಕಟ್ಟಿ ಬರ್ತೀನ್ರಿ.”

“ಈ ಕಡೆ? ಸಾಹೇಬ್ರ ಬರೂ ಹಾದಿಯಾಗ? ತಲಿ ಕೆಟ್ಟೈತೇನ?”

ಇನ್ನೂ ಅರ್ಧ ಗಂಟೆ ಹೋಯಿತು. ನೆರಳು ಮೊಣಕಾಲಿನಷ್ಟು. ಗುಡ್ಡೆಯ ಹಿಂದಿನಿಂದ ಪೀಪಿ ಶುರುವಾಯಿತು. ರೇಣವ್ವನಿಗೆ ಆ ಅಳುವಿನ ಜಾತಿ ಗೊತ್ತಿತ್ತು. ಹಲ್ಲಿನದಲ್ಲ, ಹಸಿವಿನದಲ್ಲ.

“ಎಪ್ಪಾ, ಲಾಡವ್ವನ್ನರ ಕಳಸ್ರಿ. ನೀರಾದ್ರೂ ಕುಡಸ್ತಾಳ.”

“ಲಾಡಿ ಬುಟ್ಟಿ ಹೊರಾಕತ್ತಾಳ. ಕಲ್ಲಿಗೆ ಹುಟ್ಟಿದ್ದು ಬಿಸಲಿಗೆ ಸಾಯಂಗಿಲ್ಲ ಸುಮ್ನಿರು!”

ಈ ಡೈಲಾಗು ಅವನಿಗೇ ಬಹಳ ಇಷ್ಟವಾಯಿತು. ಎರಡು ಸಲ ಹೇಳಿದ. ಆಮೇಲೆ ಜೀಪು ಬಂತೇ ನೋಡಲು ಡಾಂಬರು ರಸ್ತೆಯ ಕಡೆ ನಡೆದ.

ಆಗ ಅಳು ನಿಂತಿತು.

ಅತ್ತದ್ದಕ್ಕಿಂತ ನಿಂತದ್ದು ಕೆಟ್ಟದ್ದಾಗಿತ್ತು. ರೇಣವ್ವ ಎದ್ದಳು. ತೊಟ್ಟಿಲಲ್ಲಿ ಬಾಬು. ಬಿಟ್ಟು ಹೋದರೆ ಉರುಳಿ ಬೀಳುವನು, ಅವನೂ ಕೂಸೇ. ಅವನನ್ನು ಬಗಲಿಗೇರಿಸಿ, ಸಾಹೇಬರಿಗೆಂದು ಇಟ್ಟಿದ್ದ ನೀರಿನ ತಂಬಿಗೆ ಹಿಡಿದು ಓಡಿದಳು. ಹಿನ್ನೆಲೆ ಸಂಗೀತವೇನೂ ಇರಲಿಲ್ಲ. ಸುತ್ತಿಗೆಗಳು ಎಂದಿನಂತೆ ಬೀಳುತ್ತಿದ್ದವು.

ಹುಲ್ಲ್ಯಾ ಹಗ್ಗ ಎಷ್ಟು ಉದ್ದ ಬರುತ್ತದೋ ಅಷ್ಟು ಎಳೆದುಕೊಂಡು, ನೆರಳು ಗುಡ್ಡೆಯ ಅಂಚು ತಿರುಗಿ ಹೋದ ಕಡೆಗೆ ಕೈ ಚಾಚಿ ಬೋರಲು ಬಿದ್ದಿದ್ದ. ಕೈಗೂ ನೆರಳಿಗೂ ನಡುವೆ ಒಂದು ಗೇಣು. ಕೆನ್ನೆ ಕಲ್ಲಿನ ಬಣ್ಣಕ್ಕೆ ತಿರುಗಿತ್ತು, ತುಟಿ ಒಣಗಿ ಅಂಟಿಕೊಂಡಿತ್ತು. ರೇಣವ್ವ ತಲೆಯ ಮೇಲೆ ನೀರು ಸುರಿದಳು. ಬಾಯಿಗೆ ಬೆರಳಿಂದ ಹನಿ ಹನಿ ಬಿಟ್ಟಳು. ನಾಲ್ಕನೆಯ ಹನಿಗೆ ಅವನು ಬೆರಳು ಕಚ್ಚಿದ. ಎಂಟೂ ಹಲ್ಲಿಂದ, ನೆಟ್ಟಗೆ. ಅವಳು ಹಾಗೇ ಕಚ್ಚಿಸಿಕೊಂಡು ಕೂತಳು.

“ಕಡೀ ನನ್ನಪ್ಪ, ಇನ್ನಾ ಕಡೀ.”

ಗುಡ್ಡೆಯ ಈ ಕಡೆಯ ನೆರಳಿಗೆ ತಂದಳು. ಹುಲ್ಲ್ಯಾ ಚೇತರಿಸಿಕೊಂಡದ್ದೇ ಗುಂಡಿಯ ಕಡೆ ಹೊರಟ. ಬಾಬು ಬೇರೊಂದು ಕಡೆ ಹೊರಟ. ರೇಣವ್ವನಿಗೆ ಇದ್ದದ್ದು ಎರಡೇ ಕೈ, ಎರಡೇ ಕಾಲು. ತಂಬಿಗೆ ಖಾಲಿ. ಮತ್ತೆ ನೀರು ತರಬೇಕು. ದಿನಾ ಏನು ಮಾಡುತ್ತಿದ್ದಳೋ ಅದನ್ನೇ ಮಾಡಿದಳು. ಮಗನನ್ನು ಕಟ್ಟಿದಳು. ಪಕ್ಕದಲ್ಲಿ ಲಾಡಬಿಯ ಮಗಳ ಹಳೆಯ ಹಗ್ಗ ಬಿದ್ದಿತ್ತು. ಸೆರಗಿನಿಂದ ಉದ್ದಕ್ಕೆ ಒಂದು ಪಟ್ಟಿ ಹರಿದಳು. ಮದುವೆಯ ಸೀರೆ ಪರ್ ಎಂದಿತು. ಆ ಪಟ್ಟಿಯನ್ನು ಬಾಬುವಿನ ಸೊಂಟಕ್ಕೆ ಮೆತ್ತಗೆ ಸುತ್ತಿ, ಹಗ್ಗ ಬಳಸಿ, ಬೆನ್ನ ಹಿಂದೆ ಅದೇ ಗಂಟು ಹಾಕಿದಳು. ಇಬ್ಬರಿಗೂ ಒಂದೇ ರೊಟ್ಟಿಯ ತುಣುಕು, ಒಂದೇ ನೆರಳು. ಅವರು ರೊಟ್ಟಿಗೆ ಜಗಳಾಡಿದರು, ಮಣ್ಣು ತೂರಿದರು, ಆಮೇಲೆ ಒಬ್ಬರ ತಲೆಗೊಬ್ಬರು ಮಣ್ಣು ಹಾಕಿಕೊಂಡು ನಕ್ಕರು. ಅವಳು ನೀರು ತಂದು ಇಬ್ಬರಿಗೂ, ಗುಡ್ಡೆಯ ಹಿಂದೆ ಬಂಡೆಗಳ ಸಂದಿಯ ನೆರಳಲ್ಲಿ ಕಟ್ಟಿದ್ದ ಉಳಿದ ಕೂಸುಗಳಿಗೂ ಕುಡಿಸಿದಳು.

ಡಾಂಬರು ರಸ್ತೆಯಲ್ಲಿ ಅಮಾತೆಪ್ಪ ಹಣೆಗೆ ಕೈ ಹಚ್ಚಿ ಕಾಯುತ್ತಿದ್ದ. ಸಾಹೇಬರ ಡ್ರೈವರು ಹೊಸಬ, ಕಲ್ಲಿನ ಲಾರಿಗಳ ಜಾಡು ಹಿಡಿದು ಹಿಂದಿನಿಂದ ಬಂದ. ಜೀಪು ಗುಡ್ಡೆ ಸುತ್ತಿ ರೇಣವ್ವನ ಮುಂದೆಯೇ ನಿಂತಿತು.

ಸಾಹೇಬರು ಇಳಿದರು, ಹಣೆಯಲ್ಲಿ ವಿಭೂತಿ ಇನ್ನೂ ಹಸಿ. ಹಿಂದೆ ಸಾವುಕಾರ. ಎದುರಿಗೆ ಹಗ್ಗಕ್ಕೆ ಕಟ್ಟಿದ ಎರಡು ಕೆಂಪು ಕೂಸುಗಳು.

“ಏನಿದು? ಮಕ್ಕಳನ್ನ ಕಟ್ಟೀರಲ್ಲ?” ಎಂದರು ಸಾಹೇಬರು.

ಸಾವುಕಾರನ ನಾಲಿಗೆ ತಯಾರಿತ್ತು.

“ಇವು ಲೇಬರ್ ಹುಡುಗರ್ರೀ ಸಾಹೇಬ್ರ. ಕಟ್ಟಿದ್ರ ಏನೂ ಆಗಂಗಿಲ್ಲ, ಹುಟ್ಟಾ ರೂಢಿ. ದನಗೋಳಿದ್ದಂಗ್ರಿ, ಬಿಚ್ಚಿದ್ರನ ತ್ರಾಸು. ನೀವು ಮುಂದ ಬರ್ರಿ, ನಮ್ಮ ಶಿಶುವಿಹಾರ ನೋಡೂವಂತ್ರಿ...”

ಎರಡರಲ್ಲಿ ಒಂದು ಎದ್ದು ನಿಂತಿತು. ರೊಟ್ಟಿ ಹಿಡಿದ ಕೈ ಮುಂದೆ ಚಾಚಿತು.

“ಅಜ್ಜಾ!”

ಸಾಹೇಬರು ಮಗುವನ್ನು ನೋಡಿದರು, ಸಾವುಕಾರನನ್ನು ನೋಡಿದರು. ಇಬ್ಬರ ಮೂಗೂ ಒಂದೇ ಅಚ್ಚು.

“ಲೇ ರಂಡೀ!” ಸಾವುಕಾರನ ದನಿ ಖಣಿಗೆಲ್ಲ ಕೇಳಿತು. “ನನ್ನ ಮೊಮ್ಮಗನ್ನ ನಾಯಿ ಕಟ್ಟಿದಂಗ ಕಟ್ಟೀಯಲ್ಲ!”

“ನಾಯಿ ಕಟ್ಟಿದಂಗಲ್ರೀ. ನನ್ನ ಮಗನ್ನ ಕಟ್ಟಿದಂಗ ಕಟ್ಟೀನ್ರಿ,” ಎಂದಳು ರೇಣವ್ವ. “ನಿಮ್ಮ ಕೂಸಂತ ಹೇಳಿ ಪಟ್ಟಿ ಹೊಸಾದು ಹಾಕೀನಿ.”

ಸಾವುಕಾರ ಬಿಳಿ ಧೋತರ ಎತ್ತಿ ಕೆಂಪು ಮಣ್ಣಲ್ಲಿ ಕುಕ್ಕರಗಾಲಲ್ಲಿ ಕೂತು ಗಂಟು ಎಳೆದ. ಗಂಟು ಬಿಗಿಯಿತು. ಜೋರಾಗಿ ಎಳೆದ. ಇನ್ನೂ ಬಿಗಿಯಿತು. ಬಾಬುವಿಗೆ ಅದು ಆಟವೆನಿಸಿ ಕೇಕೆ ಹಾಕಿದ. ಅಷ್ಟರಲ್ಲಿ ಅಮಾತೆಪ್ಪ ಏದುಸಿರು ಬಿಡುತ್ತ ಓಡಿ ಬಂದ.

“ಬಿಚ್ಚ, ಬಿಚ್ಚ! ಇಲ್ಲಾಂದ್ರ ನಿನ್ನ...” ಅವನು ನೋಡಿದ ಯಾವ ಸಿನಿಮಾದಲ್ಲೂ ಈ ಸೀನು ಇರಲಿಲ್ಲ.

“ಸೀಟಿ ಆಗಿಲ್ರೀ ಮುಕಾದಮರ,” ಎಂದಳು ರೇಣವ್ವ. “ಸೀಟಿ ಊದೂ ತನಕಾ ಬಿಚ್ಚಬ್ಯಾಡ ಅಂತ ನೀವ ಹೇಳೀರಿ. ಬಿಚ್ಚಿದ್ರ ನನ್ನ ಕತಿ ದಿ ಎಂಡ್ ಅಂತ.”

“ಊದ ಲೇ ಭಾಡ್ಯಾ ಸೀಟಿ!” ಸಾವುಕಾರ ಅಮಾತೆಪ್ಪನ ಮೇಲೆ ಹಾರಿಬಿದ್ದ. “ಊದ!”

ಅಮಾತೆಪ್ಪ ಊದಿದ. ಹೆದರಿಕೆಯಲ್ಲಿ ಎಂದಿಗಿಂತ ಉದ್ದ ಊದಿದ.

ಖಣಿಯಲ್ಲಿ ಸೀಟಿಗೆ ಒಂದೇ ಅರ್ಥ. ಸುತ್ತಿಗೆಗಳು ಒಂದರ ಹಿಂದೊಂದು ನಿಂತವು. ಗಂಡಸರು ಹಾರೆ ಕೆಳಗಿಟ್ಟು ತಲೆ ಎತ್ತಿ ಸೂರ್ಯನನ್ನು ನೋಡಿದರು, ಈಗಷ್ಟೇ ನೆತ್ತಿ ದಾಟಿದ್ದ. ಲಾಡಬಿ ಅರ್ಧ ತುಂಬಿದ ಬುಟ್ಟಿ ಇದ್ದಲ್ಲೇ ಮಗುಚಿ ಗುಡ್ಡೆಯ ಹಿಂದೆ ನಡೆದಳು. ಅವಳ ಹಿಂದೆ ಉಳಿದ ತಾಯಂದಿರು.

ರೇಣವ್ವ ಮೊದಲು ಹುಲ್ಲ್ಯಾನ ಬೆನ್ನಿಗೆ ಕೈ ಹಾಕಿದಳು. ಹಗ್ಗ ಒಳಕ್ಕೆ ನೂಕಿದಳು, ಗಂಟು ಬಾಯಿ ಬಿಟ್ಟಿತು. ಮಗನನ್ನು ಬಗಲಿಗೇರಿಸಿ ತಗಡಿನ ಕೋಣೆಗೆ ಹೋಗಿ ತೊಟ್ಟಿಲಲ್ಲಿ ಮಲಗಿಸಿದಳು. ಅವನು ಮಲಗಿದವನೇ ಬಾಡಿಗೆಯ ಹಾಸಿಗೆಯನ್ನು ಒದ್ದೆ ಮಾಡಿದ. ಹಿಂದೆಯೇ ಲಾಡಬಿ ಮಗಳನ್ನು ತಂದು ಅವನ ಪಕ್ಕಕ್ಕೆ ತುರುಕಿದಳು. ಜಾಗ ಮುಗಿಯಿತು. ಉಳಿದ ಕೂಸುಗಳು ನೆಲದ ಮೇಲೆ, ಬಾಗಿಲಲ್ಲಿ, ಬೋರ್ಡಿನ ಕೆಳಗೆ. ಬಿಸ್ಕೀಟಿನ ಪುಡಕಿ ಯಾರು ಹರಿದರೋ ಗೊತ್ತಾಗಲಿಲ್ಲ. ತಾಯಂದಿರು ಬಿಚ್ಚಿದ ಹಗ್ಗಗಳನ್ನು ಸಾಹೇಬರ ಮೇಜಿನ ಮೇಲೆ ಒಗೆಯುತ್ತ ಒಳಗೆ ಬಂದರು.

ಅವಳ ಹಿಂದೆಯೇ ಬಂದಿದ್ದ ಸಾಹೇಬರು ಮೇಜಿನ ಮುಂದೆ ಕೂತು ಫಾರ್ಮು ತೆರೆದಿದ್ದರು. ‘ಹಾಜರಿದ್ದ ಮಕ್ಕಳು’ ಎಂಬ ಕಡೆ ಪೆನ್ನು ನಿಂತಿತ್ತು. ಬರೆಯಲೂ ಇಲ್ಲ, ಮುಚ್ಚಲೂ ಇಲ್ಲ.

“ಏ, ಏಳ್ರಿ! ಕೆಲಸಕ್ಕ ನಡೀರಿ!” ಅಮಾತೆಪ್ಪ ಬಾಗಿಲಲ್ಲಿ ಕೂಗಿದ.

“ಸೀಟಿ ಆಗೇತಿ,” ಎಂದಳು ಲಾಡಬಿ, ಕಾಲು ಚಾಚುತ್ತ.

“ನಾಳಿಂದ ಒಬ್ಬಾಕೀನೂ ಈ ಕಡೆ ಕಾಲಿಡಂಗಿಲ್ಲ! ರೇಣಿ, ನೀ ಮೊದಲ!”

ರೇಣವ್ವ ಹರಿದ ಸೆರಗಿನಿಂದ ಮಗನ ಮೂಗು ಒರೆಸಿದಳು.

“ನಾಳಿಂದು ನಾಳಿ. ಈಗ ತೊಟ್ಟಲಾ ನಿಂದರ್ಸಬಾರದು ಅಂತ ನೀವ ಅಂದೀರಿ, ತೂಗಾಕತ್ತೀನಿ.”

ಆಚೆಯಿಂದ ಸಾವುಕಾರ ಕೂಗಿದ: “ಏ ರೇಣವ್ವಾ! ಇದನ್ನ ಬಿಚ್ಚ ಬಾರವ್ವಾ!” ಅವಳ ಹೆಸರನ್ನು ಅವನು ಪೂರ್ತಿ ಕರೆದದ್ದು ಅದೇ ಮೊದಲು.

“ಬಂದೆರೀ. ಇವ ಮಲಗ್ಲಿ,” ಎಂದಳು.

ಹುಲ್ಲ್ಯಾನಿಗೆ ಮಲಗುವ ಅವಸರವೇನೂ ಇರಲಿಲ್ಲ. ಕಣ್ಣು ಪಿಳಿಪಿಳಿ ಬಿಡುತ್ತ ತಗಡನ್ನು ನೋಡುತ್ತಿದ್ದ. ಬಾಗಿಲಾಚೆ, ಗುಡ್ಡೆಯ ನೆರಳಲ್ಲಿ, ಸಾವುಕಾರ ಒಂದು ಕಾಲನ್ನು ಬಂಡೆಗೆ ಒತ್ತಿ, ಎರಡೂ ಕೈಯಿಂದ ಹಗ್ಗ ಎಳೆಯುತ್ತಿದ್ದ.