ಏಳನೇ ಪತ್ರದ ಕೊನೆಯ ವಾಕ್ಯ

ಒಂದು ಸಲ ತಟ್ಟಿದರೆ ಹೌದು, ಎರಡು ಸಲ ತಟ್ಟಿದರೆ ಅಲ್ಲ. ಯಜಮಾನರ ಮೈಯಲ್ಲಿ ಈಗ ಅವರ ಮಾತು ಕೇಳುವುದು ಎಡಗೈಯ ತೋರುಬೆರಳೊಂದೇ. ಅದು ಗಾಲಿಕುರ್ಚಿಯ ಮರದ ಹಿಡಿಯ ಮೇಲೆ ದಿನವಿಡೀ ಕಾವಲು ಕೂತಿರುತ್ತದೆ. ನೀರು ಬಿಸಿ ಹೆಚ್ಚಾಯಿತೇ? ಟಕ್. ಕಿಟಕಿ ಮುಚ್ಚಲೇ? ಟಕ್ ಟಕ್. ಉದ್ದದ ಮಾತಿದ್ದರೆ ಅಕ್ಷರದ ಹಲಗೆ ತರಬೇಕು. ನಾನು ಸಾಲು ಸಾಲಾಗಿ ಬೆರಳಾಡಿಸುತ್ತ ಹೋಗುತ್ತೇನೆ, ಬೇಕಾದ ಅಕ್ಷರ ಬಂದಾಗ ಅವರು ತಟ್ಟುತ್ತಾರೆ. 'ಸೊಳ್ಳೆ' ಎಂದು ಹೇಳಿ ಮುಗಿಸುವಷ್ಟರಲ್ಲಿ ಸೊಳ್ಳೆ ಕಚ್ಚಿ ಹೋಗಿರುತ್ತದೆ.

ಮೂವತ್ತು ವರ್ಷ ಅವರು ತೂಕ ಮತ್ತು ಅಳತೆಯ ಇನ್ಸ್‌ಪೆಕ್ಟರ್ ಆಗಿದ್ದವರು. ಬೀದಿಯಲ್ಲಿ ಅವರಿಗೆ ತಕ್ಕಡಿ ಎಂದೇ ಹೆಸರು. ಪಾರ್ಶ್ವವಾಯು ಬಡಿದ ಮೇಲೂ ಅವರ ಕುರ್ಚಿ ಬರುವುದು ಕಂಡರೆ ಹಣ್ಣಿನಂಗಡಿಯವನು ತಟ್ಟೆ ಒರೆಸಿ ನೆಟ್ಟಗೆ ನಿಲ್ಲುತ್ತಾನೆ. ಆ ಕುರ್ಚಿ ತಳ್ಳುವವಳು ನಾನು. ಈ ದೇಶಕ್ಕೆ ಬಂದು ಹನ್ನೊಂದು ವರ್ಷ, ಈ ಮನೆಗೆ ಬಂದು ಐದು. ಇನ್ನು ಏಳು ತಿಂಗಳು ಕಳೆದರೆ ಕಾಯಂ ಪರವಾನಗಿ. ಹುಟ್ಟಿದ ದೇಶದಲ್ಲಿ ನನಗೆ ಮನೆ ಇಲ್ಲ; ಅಣ್ಣನ ಮನೆ ಇದೆ. ಆ ಎರಡರ ನಡುವಿನ ವ್ಯತ್ಯಾಸವನ್ನು ಅತ್ತಿಗೆ ಫೋನಿನಲ್ಲಿ ಬಿಡಿಸಿ ಹೇಳುತ್ತಿರುತ್ತಾಳೆ. "ನಿನ್ನ ಕೋಣೇಲಿ ಈಗ ಹೊಲಿಗೆ ಮಿಷನ್ ಇಟ್ಟಿದೀವಿ ಕಣೆ," ಅಂದಿದ್ದಳು. ಮುಂದಿನ ಸಲ, "ಎರಡನೇ ಮಿಷನ್ನೂ ಬಂತು."

ಯಜಮಾನರ ಮಾತು ನಿಲ್ಲುವ ಎಷ್ಟೋ ಮೊದಲೇ ಕೈ ನಡುಗಲು ಶುರುವಾಗಿತ್ತು. ಆದರೆ ಪತ್ರಿಕೆಗೆ ಪತ್ರ ಬರೆಯುವ ಚಟ ಬಿಡಲಿಲ್ಲ. ಅವರು ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆ, ಕೆಳಗೆ ಅವರು ಇಲಿ ಓಡಿದ ಹಾಗೆ ಸಹಿ ಎಳೆಯುತ್ತಿದ್ದರು. ಮೊದಲನೆಯದು ಬ್ರೆಡ್ಡಿನ ತೂಕದ ಮೇಲೆ. ಅಲ್ಲಿಂದ ಬಸ್ಸಿನ ಮೆಟ್ಟಿಲಿನ ಎತ್ತರಕ್ಕೆ, ಅಲ್ಲಿಂದ ಮಂತ್ರಿಗಳ ಮಾತಿನ ತೂಕಕ್ಕೆ ಹೋದರು. ಏಳನೆಯದು ನಮ್ಮ ಬೀದಿಯ ಕ್ಷೌರಿಕನ ಬಗ್ಗೆ. ಅವನೂ ನನ್ನಂತೆ ಹೊರಗಿನವನು. ಹೊರದೇಶದವರು ರಾಜಕೀಯ ಅಭಿಪ್ರಾಯ ಪ್ರಕಟಿಸಿದರೆ ಪರವಾನಗಿ ರದ್ದು ಎಂಬ ಕಾನೂನು ಆಗಷ್ಟೇ ಬಂದಿತ್ತು. ಅವನು ಅಂಗಡಿಯ ಗಾಜಿಗೆ ಯಾವುದೋ ಸಭೆಯ ಪೋಸ್ಟರ್ ಅಂಟಿಸಿದ. ಅರ್ಧ ಮುಖಕ್ಕೆ ಸೋಪು ಹಚ್ಚಿಸಿಕೊಂಡ ಗಿರಾಕಿಯನ್ನು ಅಲ್ಲೇ ಬಿಟ್ಟು ಅವನನ್ನು ಕರೆದೊಯ್ದರು.

ಆ ಪತ್ರದ ಕೊನೆಗೆ ಬಂದು ಯಜಮಾನರಿಗೆ ಮಾತು ಸಿಕ್ಕಲಿಲ್ಲ. "ನೀನೇನಂತೀಯ?" ಎಂದರು.

"ನನ್ಯಾಕೆ ಕೇಳ್ತೀರಿ? ನನಗೆ ಬಾಯಿಲ್ಲ."

"ಗೊತ್ತು ಮಾರಾಯ್ತಿ. ಇದ್ದಿದ್ರೆ ಏನಂತಿದ್ದೆ?"

ಬಟಾಣಿ ಬಿಡಿಸುತ್ತ ನಾನು ಹೇಳಿದೆ: "ಮಂಗಳವಾರ ಕ್ಷೌರಿಕನನ್ನು ಕರೆದೊಯ್ದರು, ಬುಧವಾರ ಬೀದಿಯವರೆಲ್ಲ ಬೇರೆ ಅಂಗಡಿಯಲ್ಲಿ ಗಡ್ಡ ಬೋಳಿಸಿಕೊಂಡರು, ಸರ್ಕಾರ ಆ ನುಣುಪಾದ ಗಲ್ಲಗಳನ್ನೆಲ್ಲ ತನಗೆ ಬಿದ್ದ ಮತ ಎಂದು ಎಣಿಸಿಕೊಂಡಿತು."

ಅವರು ತಮ್ಮ ಗಲ್ಲ ಮುಟ್ಟಿ ನೋಡಿಕೊಂಡರು. ಅದೂ ನುಣ್ಣಗಿತ್ತು. "ಬರಿ," ಎಂದರು. ಬರೆದ ಮೇಲೆ, "ಇದು ನಿನ್ನ ಮಾತು. ನಿನ್ನ ಹೆಸರೂ ಹಾಕೋಣ. ಒಬ್ಬರ ಮಾಲನ್ನ ಇನ್ನೊಬ್ಬರ ತಟ್ಟೇಲಿಟ್ಟು ನನಗೆ ಅಭ್ಯಾಸ ಇಲ್ಲ. ನನ್ನ ಸಹಿ ಇರೋವಾಗ ನಿನ್ನನ್ನ ಯಾರು ಮುಟ್ತಾರೆ?" ಎಂದರು. ನಾನು ಕೈ ಮುಗಿದು ಬೇಡಿಕೊಂಡೆ. ಒಲ್ಲದ ಮನಸ್ಸಿನಿಂದ ಸುಮ್ಮನಾದರು. ಪತ್ರಿಕೆ ಆ ವಾಕ್ಯವನ್ನು ಎತ್ತಿ ದಪ್ಪಕ್ಷರದಲ್ಲಿ ಚೌಕದೊಳಗೆ ಹಾಕಿತು. ಬಸ್ ನಿಲ್ದಾಣದಲ್ಲಿ ಇಬ್ಬರು ಅದನ್ನು ಹೇಳಿಕೊಂಡು ನಗುತ್ತಿದ್ದುದನ್ನು ಕೇಳಿಸಿಕೊಂಡು ನಾನು ಬಸ್ಸು ತಪ್ಪಿಸಿಕೊಂಡೆ. ಎರಡು ವಾರದ ನಂತರ ಯಜಮಾನರು ಬಚ್ಚಲಲ್ಲಿ ಬಿದ್ದರು. ಅಲ್ಲಿಂದೀಚೆ ಅವರ ಮಾತೆಂದರೆ ಬೆರಳು.

ನೋಟೀಸು ಬಂದದ್ದು ಅವರ ಮಗಳ ಕೈಗೆ. ಅವಳು ಶಾಲೆಯಲ್ಲಿ ಗಣಿತ ಹೇಳಿಕೊಡುವವಳು. ನನಗಿಂತ ಎರಡು ವರ್ಷ ದೊಡ್ಡವಳು, ನಾನು ಅಕ್ಕ ಎನ್ನುತ್ತೇನೆ. ಪತ್ರಿಕೆಯಿಂದ ಮೂಲ ಪತ್ರಗಳನ್ನು ತರಿಸಿಕೊಂಡ ವಲಸೆ ಕಚೇರಿ, ಅಕ್ಷರವನ್ನು ನನ್ನ ಪರವಾನಗಿ ಅರ್ಜಿಯ ಜೊತೆ ಹೋಲಿಸಿ ನೋಡಿತ್ತು.

"ಇದರಲ್ಲಿ ಹೆದರೋದೇನಿದೆ?" ಎಂದಳು ಅಕ್ಕ. "ಕೈ ನಿಂದು, ಮಾತು ಅಪ್ಪಂದು. ಹೇಳಿದ್ದನ್ನ ಬರೆದ್ರೆ ತಪ್ಪಲ್ಲ ಅಂತ ಕಾನೂನಲ್ಲೇ ಇದೆ. ಮನೆಗೇ ಬಂದು ಅಪ್ಪನ್ನ ಕೇಳ್ತಾರಂತೆ. ಅಪ್ಪ ತಮ್ಮ ಪತ್ರ ತಮ್ಮದಲ್ಲ ಅಂತಾರಾ?"

ಆಗ ಹೇಳಬೇಕಿತ್ತು, ಒಂದು ವಾಕ್ಯ ಮಾತ್ರ ನನ್ನದು ಅಕ್ಕ, ಎಂದು. ಬಾಯಿಯವರೆಗೆ ಬಂತು. ಆದರೆ ಅವಳು ಅಷ್ಟು ಧೈರ್ಯವಾಗಿ ನನ್ನ ಪರ ನಿಂತಿದ್ದಳು, ಆ ಧೈರ್ಯ ಎಷ್ಟು ದಪ್ಪವಿದೆ ಎಂದು ಉಗುರಿನಿಂದ ಕೆರೆದು ನೋಡಲು ನನಗೆ ಮನಸ್ಸಾಗಲಿಲ್ಲ. ಯಜಮಾನರಿಗಾದರೂ ಹೇಳಿಕೊಡೋಣವೆಂದರೆ ಅಕ್ಕ ಬಿಡಲಿಲ್ಲ. ಡಾಕ್ಟರು ಆಘಾತವಾಗುವ ಸುದ್ದಿ ಹೇಳಬೇಡಿ ಎಂದಿದ್ದಾರೆ. ಅವಳೇ ಹೋಗಿ ಅಪ್ಪನ ಕಿವಿಯಲ್ಲಿ, "ನಿಮ್ಮ ಪತ್ರಗಳ ಬಗ್ಗೆ ಪತ್ರಿಕೆಯವರು ಬರ್ತಾರಂತೆ, ಕೇಳಿದ್ದಕ್ಕೆ ಇದ್ದದ್ದು ಇದ್ದ ಹಾಗೆ ಹೇಳಿ," ಎಂದಳು. ಬಂದ ಅಧಿಕಾರಿಗೂ ಬಾಗಿಲಲ್ಲೇ, ದಯವಿಟ್ಟು ಕಚೇರಿಯ ಹೆಸರೆತ್ತಬೇಡಿ ಎಂದಳು. ಅವನು ಒಪ್ಪಿಕೊಂಡ. ನೆಗಡಿಯಾಗಿದ್ದ, ಮರ್ಯಾದಸ್ಥ ಹುಡುಗನಂಥ ಮನುಷ್ಯ. ಕರವಸ್ತ್ರವನ್ನು ಪ್ರತಿ ಸಲ ನಾಲ್ಕಾಗಿ ಮಡಚಿ ಜೇಬಿಗಿಡುತ್ತಿದ್ದ.

ಯಜಮಾನರಿಗೆ ನಾನು ಅವತ್ತು ಕಾಲರಿನ ಅಂಗಿ ಹಾಕಿದ್ದೆ. ಅಧಿಕಾರಿ ಒಂದೊಂದೇ ಪತ್ರ ತೆಗೆದು ವಾಕ್ಯ ವಾಕ್ಯವಾಗಿ ಓದಿದ.

"ಇದು ನಿಮ್ಮ ಮಾತಾ, ಸರ್?"

ಟಕ್.

"ಇದು?"

ಟಕ್.

ಬ್ರೆಡ್ಡು ಮುಗಿಯಿತು, ಬಸ್ಸು ಮುಗಿಯಿತು. ಮಂತ್ರಿಗಳ ಕಡೆ ಬರುವಾಗ ಯಜಮಾನರ ಟಕ್ಕಿಗೆ ಒಂದು ಗತ್ತು ಬಂದಿತ್ತು. ಅಕ್ಕ ನನ್ನ ಕಡೆ ನೋಡಿ ಹುಬ್ಬು ಹಾರಿಸಿದಳು. ಏಳನೇ ಪತ್ರದ ಕೊನೆಗೆ ಬಂದಾಗ ನಾನು ಅವರ ಬೆರಳನ್ನೇ ನೋಡುತ್ತ ಮನಸ್ಸಿನಲ್ಲೇ ಅದನ್ನು ಹಿಡಿದುಕೊಂಡಿದ್ದೆ. ಒಂದು ಸಲ, ಯಜಮಾನ್ರೇ. ಒಂದೇ ಸಲ.

ಟಕ್ ಟಕ್.

"ಇದು ನಿಮ್ಮದಲ್ಲವಾ?" ಅಧಿಕಾರಿ ಮೂಗು ಒರೆಸಿಕೊಳ್ಳುವುದನ್ನು ಅರ್ಧಕ್ಕೆ ನಿಲ್ಲಿಸಿದ. "ಮತ್ತೆ ಯಾರದು ಸರ್? ಇವರದಾ?"

ಟಕ್. ಅಷ್ಟು ಜೋರಾದ ಟಕ್ಕನ್ನು ಆ ಬೆರಳಿನಿಂದ ನಾನು ಕೇಳಿರಲಿಲ್ಲ. ಯಜಮಾನರು ನನ್ನನ್ನು ನೋಡುತ್ತಿದ್ದರು. ಶಾಲೆಯ ವಾರ್ಷಿಕೋತ್ಸವದಲ್ಲಿ ಮಗಳ ಹೆಸರು ಕೂಗಿದಾಗ ಅಪ್ಪಂದಿರು ನೋಡುತ್ತಾರಲ್ಲ, ಹಾಗೆ.

ಅಕ್ಕ ಅಧಿಕಾರಿಯನ್ನು ಅಡುಗೆಮನೆಗೆ ಕರೆದಳು. ನಾನೂ ಹೋದೆ. "ಅಪ್ಪನಿಗೆ ಗೊಂದಲ," ಎಂದಳು. "ಕಾಯಿಲೆ ಆದಮೇಲೆ ಒಂದೊಂದ್ಸಲ ಏನೇನೋ ತಟ್ಟಿಬಿಡ್ತಾರೆ. ಅದನ್ನ ಹಿಡ್ಕೊಂಡು ಕೂರ್ಬೇಡಿ."

"ಬುದ್ಧಿ ಸ್ವಸ್ಥವಿಲ್ಲ ಅಂತ ಬರ್ಕೊಳ್ಳಲಾ ಮೇಡಂ?" ಅವನು ನಿಜವಾಗಿಯೂ ಸಹಾಯ ಮಾಡುವವನಂತೆ ಕೇಳಿದ. "ಡಾಕ್ಟರನ್ನ ಕಳಿಸ್ತಾರೆ, ಪರೀಕ್ಷೆ ಮಾಡ್ತಾರೆ. ಆದ್ರೆ ಆಗ ಅವರು ಹೌದು ಅಂದಿದ್ದೂ ನಿಲ್ಲಲ್ಲ. ಏಳು ಪತ್ರಾನೂ ಇವರ ಅಕ್ಷರದಲ್ಲಿವೆ. ಏಳೂ ಇವರದೇ ಆಗುತ್ತೆ."

"ಏಳಾದ್ರೆ ಏನು?"

"ಇನ್ನೆಂದೂ ಈ ದೇಶಕ್ಕೆ ಕಾಲಿಡೋ ಹಾಗಿಲ್ಲ. ಒಂದು ವಾಕ್ಯ ಮಾತ್ರ ಅಂತಾದ್ರೆ, ಹೋಗ್ಬೇಕು, ಐದು ವರ್ಷ ಆದ್ಮೇಲೆ ಮತ್ತೆ ಅರ್ಜಿ ಹಾಕಬಹುದು."

ಅಕ್ಕ ಮೇಜಿನ ಮೇಲೆ ಬೆರಳಿನಿಂದ ಏನೋ ಗೀಚುತ್ತಿದ್ದಳು. ಬಿಡಿಸಲಾಗದ ಲೆಕ್ಕ ಸಿಕ್ಕಾಗ ಹಾಗೆ ಗೀಚುತ್ತಾಳೆ. ಅಪ್ಪನಿಗೆ ಬುದ್ಧಿಯಿದ್ದರೂ ನಾನು ಹೋಗಬೇಕು, ಇಲ್ಲದಿದ್ದರೂ ಹೋಗಬೇಕು. ತೆರೆದ ಬಾಗಿಲಿನಿಂದ ಯಜಮಾನರು ಕಾಣುತ್ತಿದ್ದರು. ಬೆನ್ನು ನೆಟ್ಟಗೆ ಮಾಡಿಕೊಂಡು, ಅಂಗಡಿಯ ತಪಾಸಣೆ ಮುಗಿಸಿದ ಸಂತೃಪ್ತಿಯಲ್ಲಿ ಕೂತಿದ್ದರು. ಅವರ ಮುಂದೆ ಒಬ್ಬ ಡಾಕ್ಟರು ಕೂತು, ಇವತ್ತು ಯಾವ ವಾರ, ಎರಡಕ್ಕೆ ಮೂರು ಸೇರಿದರೆ ಎಷ್ಟು ಎಂದು ಕೇಳುವುದನ್ನು ನಾನು ಕಣ್ಣಮುಂದೆ ತಂದುಕೊಂಡೆ.

"ಬುದ್ಧಿ ಸರಿಯಾಗೇ ಇದೆ," ಎಂದೆ. "ಆ ವಾಕ್ಯ ನಂದು."

"ಅಯ್ಯೋ, ನಿಂದಾ?" ಎಂದಳು ಅಕ್ಕ. ಆಮೇಲೆ ತುಂಬ ಹೊತ್ತು ನನ್ನ ಮುಖ ನೋಡಲಿಲ್ಲ.

ಆದೇಶದ ಪ್ರಕಾರ ನನಗೆ ಹದಿನಾಲ್ಕು ದಿನ. ಅಷ್ಟೂ ದಿನ ನೋಂದಾಯಿತ ವಿಳಾಸ ಬಿಟ್ಟು ಹೊರಗೆ ಹೋಗುವಂತಿಲ್ಲ. ನನ್ನ ನೋಂದಾಯಿತ ವಿಳಾಸ ಇದೇ ಮನೆ. ಗೇಟಿನ ಚಿಲಕದವರೆಗೆ ನಾನು, ಚಿಲಕದಾಚೆ ಅಪರಾಧ. ಹೀಗಾಗಿ ನನ್ನನ್ನು ಗಡೀಪಾರು ಮಾಡಿದ ಬೆರಳಿನ ಉಗುರನ್ನು ಅವತ್ತು ಸಂಜೆ ನಾನೇ ಕತ್ತರಿಸಿದೆ.

"ಅಪ್ಪನಿಗೆ ಹೇಳ್ಬೇಡ," ಎಂದಳು ಅಕ್ಕ.

"ಯಾವುದನ್ನ?"

"ಯಾವುದನ್ನೂ. ನಿನ್ನ ಕಾಲಿಗೆ ಬೀಳ್ತೀನಿ. ಅವರಿಗೆ ಏನಾದ್ರೂ ಆದ್ರೆ ನಾನು ತಡ್ಕೊಳಲ್ಲ. ಹೋಗೋ ದಿನ, ರಜೆ ಮೇಲೆ ಹೊರಟಿದೀಯ ಅಂತ ನಾನೇ ಹೇಳ್ತೀನಿ."

ಮರುದಿನ ಯಜಮಾನರು ಹಲಗೆ ತರಿಸಿದರು. ಮುಕ್ಕಾಲು ಗಂಟೆ ತಟ್ಟಿದರು. ಸಂಪಾದಕರೇ, ನನ್ನ ಪತ್ರದ ಆ ವಾಕ್ಯ ನನ್ನದಲ್ಲ, ನನ್ನನ್ನು ನೋಡಿಕೊಳ್ಳುವ ಹೆಂಗಸಿನದು, ನಿಮ್ಮವರು ಬಂದು ಖಚಿತ ಮಾಡಿಕೊಂಡು ಹೋಗಿದ್ದಾರೆ, ಅವಳ ಹೆಸರು ಅಚ್ಚು ಹಾಕಿ. ಹೆಸರನ್ನು ಮಾತ್ರ ಅವರು ಕೊನೆಯ ಅಕ್ಷರದವರೆಗೂ ತಟ್ಟಿದರು. ನಾನು ಅರ್ಧಕ್ಕೇ "ಗೊತ್ತಾಯ್ತು" ಎಂದರೂ ಬಿಡಲಿಲ್ಲ.

ಅಕ್ಕ ಅದನ್ನು ಓದಿ ಶಾಲೆಯ ಚೀಲಕ್ಕೆ ತುರುಕಿಕೊಂಡಳು. "ಹುಚ್ಚು ಹಿಡಿದಿದ್ಯಾ ನಿಂಗೆ? ಇದನ್ನ ಕಳ್ಸಿದ್ರೆ ಐದು ವರ್ಷ ಹೋಗಿ ಹತ್ತಾಗುತ್ತೆ." ಅವಳು ಹೇಳಿದ್ದು ಸರಿ. ಆಮೇಲಿಂದ ಪ್ರತಿ ಬೆಳಿಗ್ಗೆ ನಾನು ಪೇಪರ್ ಓದಲು ಕೂತೊಡನೆ ಯಜಮಾನರು ಕಣ್ಣಲ್ಲೇ ಕೇಳುತ್ತಿದ್ದರು. ಅವರ ಕಣ್ಣಿಗೆ ಪೊರೆ ಬಂದು ಸಣ್ಣಕ್ಷರ ಕಾಣುವುದಿಲ್ಲ. ಹಲಗೆಯ ಅಕ್ಷರಗಳು ಅಂಗೈಯಷ್ಟಿವೆ.

"ಇವತ್ತು ಬಂದಿಲ್ಲ," ಎನ್ನುತ್ತಿದ್ದೆ.

ಎರಡನೇ ದಿನ ಬಂದಿಲ್ಲ. ಮೂರನೇ ದಿನ. ಐದನೇ ದಿನ ಅವರು ಊಟ ಅರ್ಧಕ್ಕೆ ಬಿಟ್ಟರು. ಏಳನೇ ದಿನ ಬಾಯಿ ತೆರೆಯಲೇ ಇಲ್ಲ. ನಾನು ಸ್ವಲ್ಪ ಹೊತ್ತು ಚಮಚ ಹಿಡಿದು ಕೂತಿದ್ದು, ಆಮೇಲೆ ಅದೇ ಚಮಚದಿಂದ ನಾನೇ ತಿಂದು ಮುಗಿಸಿದೆ. ನನ್ನ ಹೊಟ್ಟೆ ಮಾತ್ರ ಏನೂ ಆಗದವರ ಹಾಗೆ ಹಸಿಯುತ್ತಿತ್ತು. ಅಕ್ಕ ಫೋನಿನಲ್ಲಿ ಬೇರೆ ಹೆಂಗಸರನ್ನು ವಿಚಾರಿಸುತ್ತಿದ್ದಳು: "ಎತ್ತೋಕೆ ಬರುತ್ತಾ? ಬರವಣಿಗೆ ಬೇಡ, ಬರವಣಿಗೆ ಬರದಿದ್ರೇ ಒಳ್ಳೇದು."

ಒಂಬತ್ತನೇ ಬೆಳಿಗ್ಗೆ ಪೇಪರ್ ಬಿಚ್ಚಿದೆ. ಪತ್ರಗಳ ಪುಟದಲ್ಲಿ ಯಾರೋ ನಾಯಿಗಳ ಕಾಟದ ಬಗ್ಗೆ ಬರೆದಿದ್ದರು.

"ಬಂದಿದೆ, ಯಜಮಾನ್ರೇ," ಎಂದೆ.

ನಾಯಿಗಳ ಮೇಲೆ ಕಣ್ಣಿಟ್ಟು ಓದತೊಡಗಿದೆ. ಅವರು ಬರೆಸಿದ್ದನ್ನು ಬಾಯಿಪಾಠದಿಂದ ಹೇಳಿದೆ. ನನ್ನ ಹೆಸರನ್ನು ಗಟ್ಟಿಯಾಗಿ ಹೇಳಿದೆ. ಅಲ್ಲಿಗೆ ನಿಲ್ಲಿಸಬೇಕಿತ್ತು. ನಿಲ್ಲಿಸಲು ಆಗಲಿಲ್ಲ. "ಕೆಳಗೆ ಇನ್ನೂ ಇದೆ, ನಂದೇ ಅಂತ ಹಾಕಿದ್ದಾರೆ," ಎಂದು ಹೇಳಿ ಮುಂದುವರಿಸಿದೆ. ಕ್ಷೌರಿಕನ ಅಂಗಡಿಗೆ ಬೀಗ ಬಿದ್ದಿದೆ, ಒಳಗೆ ಅವನ ಕುರ್ಚಿ ಕನ್ನಡಿ ನೋಡುತ್ತ ಕೂತಿದೆ ಎಂದು ಓದಿದೆ. ನಿಮ್ಮ ಅಪ್ಪಂದಿರ ಮೈ ತೊಳೆಯುವವರು ನಾವು, ಅವರ ಬೆನ್ನಿನ ಮೇಲೆ ಎಲ್ಲಿ ಮಚ್ಚೆಯಿದೆ ಎಂದು ನಮಗೆ ಗೊತ್ತು, ನಮಗೆ ಗೊತ್ತಿರುವುದನ್ನು ಕೇಳಲು ನಿಮಗೆ ಯಾಕಿಷ್ಟು ಹೆದರಿಕೆ ಎಂದು ಓದಿದೆ. ಹನ್ನೊಂದು ವರ್ಷದಲ್ಲಿ ನಾನು ಯಾರ ಹತ್ತಿರವೂ ಅಷ್ಟು ಉದ್ದ ಮಾತಾಡಿರಲಿಲ್ಲ.

ಯಜಮಾನರ ಕಣ್ಣು ಒದ್ದೆಯಾಗಿತ್ತು. ಬೆರಳು ಗಾಳಿಯಲ್ಲಿ ಸುತ್ತು ತಿರುಗಿತು. ಇನ್ನೊಮ್ಮೆ ಎಂದು ಅರ್ಥ.

ಇನ್ನೊಮ್ಮೆ ಓದಿದೆ. ಓದಲು ಅಲ್ಲಿ ಏನಿತ್ತು? ಈ ಸಲ ಕುರ್ಚಿ ಗೋಡೆ ನೋಡುತ್ತ ಕೂತಿತು. ಮಚ್ಚೆಯ ಮಾತು ಮೊದಲು ಬಂತು, ಬೀಗದ ಮಾತು ಆಮೇಲೆ. ಮೂವತ್ತು ವರ್ಷ ತೂಗುವಾಗ ಅಂಗಡಿಯವರ ಹೆಬ್ಬೆರಳು ಎಲ್ಲಿದೆ ಎಂದು ನೋಡುತ್ತಿದ್ದ ಮನುಷ್ಯ ಅದು.

ಟಕ್ ಟಕ್.

"ಯಾಕೆ, ಏನಾಯ್ತು?"

ಹಲಗೆಯ ಕಡೆ ನೋಡಿದರು. ತಂದು ಹಿಡಿದೆ. ಅವರು ತಟ್ಟಿದ್ದು ಎರಡೇ ಶಬ್ದ: ಅಚ್ಚಾಗಿಲ್ಲ. ಯಾಕೆ.

ನಾನು ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದೆ. ಕುರ್ಚಿಯ ಎದುರು ನೆಲದ ಮೇಲೆ ಕೂತೆ.

"ಅವತ್ತು ಬಂದಿದ್ದು ಪತ್ರಿಕೆಯವನಲ್ಲ," ಎಂದೆ. "ವಲಸೆ ಕಚೇರಿಯವನು. ಆ ವಾಕ್ಯಕ್ಕೆ ನನ್ನನ್ನ ಕಳಿಸ್ತಿದ್ದಾರೆ. ಸೋಮವಾರ."

ಅವರು ನನ್ನನ್ನೇ ನೋಡಿದರು. ಆಮೇಲೆ ಬೆರಳು ಎದ್ದಿತು. ಟಕ್ ಟಕ್. ಟಕ್ ಟಕ್. ಮರದ ಹಿಡಿಯ ಮೇಲೆ, ಬರಬರುತ್ತ ಜೋರಾಗಿ, ಉಸಿರಿಗೂ ಬಿಡುವು ಕೊಡದೆ. ನಾನು ಆ ಬೆರಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಅದು ನನ್ನ ಅಂಗೈಯೊಳಗೂ ತಟ್ಟುತ್ತಲೇ ಇತ್ತು.

ಅಕ್ಕ ಶಾಲೆಗೆ ಹೊರಟಿದ್ದವಳು ಓಡಿಬಂದು ಬಾಗಿಲು ತಳ್ಳಿದಳು. "ಏನದು ಸದ್ದು? ಏನಾಯ್ತು ಅಪ್ಪನಿಗೆ?"

"ಏನಿಲ್ಲ ಅಕ್ಕ," ಎಂದೆ. "ಪೇಪರ್ ಓದ್ತಾ ಇದ್ದೆ."