ಕುದುರೆಗೆ ತಂದ ಹಗ್ಗ

"ಹಗ್ಗಾನ ಸೀಟಿನ ಕೆಳಗೇ ಇಡು. ಯಾಪಾರ ಮುಗಿಯೋಗಂಟ ಆಚೆಗೆ ತೆಗೀಬ್ಯಾಡ ಕಣ," ಎಂದು ಯಶೋದಕ್ಕ ಚಂದಕವಾಡಿ ಬಿಟ್ಟಾಗಿನಿಂದ ಗಂಡ ಪುಟ್ಟಮಾದಣ್ಣನಿಗೆ ಮೂರು ಸಲ ಹೇಳಿದ್ದಳು. ಪಿಕಪ್ ಓಡಿಸುತ್ತಿದ್ದ ನನ್ನ ಕಿವಿಗೂ ಅದು ಮೂರು ಸಲ ಬಿದ್ದಿತ್ತು.

ಆದರೆ ಗುಂಡ್ಲುಪೇಟೆಯ ಗಂಗಾಧರಸ್ವಾಮಿಯವರ ಅಂಗಳದಲ್ಲಿ ಗಾಡಿ ನಿಂತದ್ದೇ ತಡ, ಪುಟ್ಟಮಾದಣ್ಣ ಹಗ್ಗವನ್ನು ಹೆಗಲಿಗೆ ಹಾಕಿಕೊಂಡೇ ಇಳಿದುಬಿಟ್ಟ. ಅವನ ಕಣ್ಣೆಲ್ಲ ಹುಣಸೆಮರದ ಕೆಳಗೆ ನಿಂತಿದ್ದ ಬಿಳಿ ಹೆಣ್ಣುಕುದುರೆಯ ಮೇಲಿತ್ತು.

ನಮ್ಮ ಕಡೆ ಪ್ರಾಣಿ ಮಾರಿದವರು ಹಗ್ಗ ಕೊಡುವುದಿಲ್ಲ. ಹಗ್ಗ ಹೋದರೆ ಕೊಟ್ಟಿಗೆಯ ಭಾಗ್ಯವೂ ಅದರ ಹಿಂದೆಯೇ ಹೋಗುತ್ತದೆ ಅನ್ನುತ್ತಾರೆ. ಕೊಳ್ಳುವವರೇ ಹೊಸ ಹಗ್ಗಕ್ಕೆ ಅರಿಶಿನ ಹಚ್ಚಿ ತರಬೇಕು. ಅದರಲ್ಲಿ ಮೊದಲು ಬೇರೇನನ್ನೂ ಕಟ್ಟಿರಬಾರದು, ಕಟ್ಟಿದರೆ ಆ ಹಗ್ಗ ಹೊಸ ಪ್ರಾಣಿಗೆ ಸಲ್ಲುವುದಿಲ್ಲ. ಅರಿಶಿನದ ಹಗ್ಗ ಹೆಗಲಿಗೆ ಹಾಕಿಕೊಂಡು ಬಂದವನು, ಕೊಳ್ಳದೆ ಹೋಗುವುದಿಲ್ಲ ಎಂದು ಬಾಯಿ ಬಿಟ್ಟು ಹೇಳಿದ ಹಾಗೆಯೇ ಲೆಕ್ಕ.

ಸ್ವಾಮಿಯವರು ಈರುಳ್ಳಿ ವ್ಯಾಪಾರಿ. ಹಗ್ಗ ನೋಡಿದರು, ನನ್ನ ಖಾಲಿ ಪಿಕಪ್ ನೋಡಿದರು, ನಿಧಾನವಾಗಿ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡರು.

"ಪುಟ್ಟಮಾದಣ್ಣ, ಫೋನಲ್ಲಿ ಅರವತ್ತೈದು ಅಂದಿದ್ದೆ. ಆದ್ರೆ ನಿನ್ನೆ ಮೈಸೂರಿನೋರು ಬಂದು ಎಂಬತ್ತು ಸಾವಿರ ಅಂದ್ಬುಟ್ರು."

"ಮಾತಾಡಿದ್ ಮೇಲೆ ಇಂಗಂದ್ರೆ ಎಂಗ್ ಸ್ವಾಮಿ? ಭಾನ್ವಾರ ಚಾಮರಾಜನಗರದಾಗೆ ಮದ್ವೆ ಒಪ್ಕಂಡಿವ್ನಿ!"

ಯಶೋದಕ್ಕ ಹಣೆ ಚಚ್ಚಿಕೊಂಡಳು. ಹಗ್ಗ ತೋರಿಸಿದ್ದು ಸಾಲದೆಂದು ಭಾನುವಾರವನ್ನೂ ಹೇಳಿಬಿಟ್ಟಿದ್ದ.

ಅವನ ಕಷ್ಟ ನನಗೆ ಗೊತ್ತಿತ್ತು. ಮದುವೆ ಮೆರವಣಿಗೆಗೆ ಕುದುರೆ ಕೊಡುವುದೇ ಪುಟ್ಟಮಾದಣ್ಣನ ಕಸುಬು. ಇಪ್ಪತ್ತು ವರ್ಷದಲ್ಲಿ ಅವನು ಒಪ್ಪಿಕೊಂಡ ಯಾವ ಮದುವೆಯಲ್ಲೂ ಗಂಡು ನಡೆದು ಹೋದದ್ದಿಲ್ಲ. ಈಗ ಮನೆಯ ಮುದಿ ಕುದುರೆಗೆ ಮಂಡಿ ಹೋಗಿದೆ. ಭಾನುವಾರಕ್ಕೆ ಇನ್ನು ಮೂರೇ ದಿನ.

"ಎಪ್ಪತ್ತಕ್ಕೆ ಕೊಡಿ ಸ್ವಾಮಿ," ಎಂದ.

"ಎಂಬತ್ತೇ ಕಣಣ್ಣ. ಇದು ಕ್ಯಾಮೆರಾಗೆ ನಿಂತ್ಕಳಾ ಕುದ್ರೆ. ಕೇರಳದೋರು ನಮ್ಮ ಸೂರ್ಯಕಾಂತಿ ಹೊಲದಲ್ಲಿ ಇದರ ಮೇಲೆ ಕೂತು ಎಷ್ಟು ಫೋಟೋ ತೆಗೆಸ್ಕಂಡವ್ರೆ ಗೊತ್ತಾ?"

"ಈಗ ಹೂವೆಲ್ಲಿದ್ದದು ಸ್ವಾಮಿ?" ಎಂದಳು ಯಶೋದಕ್ಕ, ಗಾಡಿ ಇಳಿದ ಮೇಲೆ ಮೊದಲ ಸಲ ಬಾಯಿಬಿಟ್ಟು. "ಹೊಲ ಎಲ್ಲ ಉತ್ತವ್ರೆ, ಬರ್ತಾ ನೋಡ್ದೆ. ಸುಮ್ನೆ ನಿಂತು ಉರುಳಿಕಾಳು ತಿಂತಾ ಅದೆ, ಪಾಪ."

ಸ್ವಾಮಿಯವರು ನಕ್ಕರು, ಬೆಲೆ ಮಾತ್ರ ಇಳಿಸಲಿಲ್ಲ. ಯಶೋದಕ್ಕ ಶೆಡ್ಡಿನ ಹತ್ತಿರ ಹೋಗಿ ಈರುಳ್ಳಿ ರಾಶಿಯಲ್ಲಿ ಎರಡು ಗಡ್ಡೆ ಹಿಸುಕಿ ನೋಡಿದಳು.

"ಇದೆಂಗೆ ಕೇಜಿ?"

"ಇಪ್ಪತ್ತು ರೂಪಾಯಿ ಕಣಮ್ಮ, ನಿಮಗೆ ಹದಿನೆಂಟು."

"ಇಪ್ಪತ್ತು ಕೇಜಿ ಆಕ್ಸಿ."

ತೂಕ ಆಯಿತು, ಹದಿನೆಂಟರಂತೆ ದುಡ್ಡೂ ಕೊಟ್ಟಳು. ಆಮೇಲೆ ಗಂಡನ ಹೆಗಲಿನಿಂದ ಆ ಹೊಸ ಹಗ್ಗ ಎಳೆದುಕೊಂಡು, ಈರುಳ್ಳಿ ಚೀಲದ ಬಾಯಿಗೆ ಮೂರು ಸುತ್ತು ಸುತ್ತಿ ಗಂಟು ಬಿಗಿದಳು.

ಪುಟ್ಟಮಾದಣ್ಣನ ಬಾಯಿ ತೆರೆದದ್ದು ತೆರೆದ ಹಾಗೇ ಇತ್ತು. ಸ್ವಾಮಿಯವರ ದವಡೆಯಲ್ಲಿ ಎಲೆ ಅಡಿಕೆ ನಿಂತುಹೋಯಿತು.

"ಏನಮ್ಮಿ ಮಾಡ್ಬುಟ್ಟೆ!" ಎಂದ ಪುಟ್ಟಮಾದಣ್ಣ.

"ಬಂದಿದ್ ಕೆಲ್ಸ ಆಯ್ತಲ್ಲ. ಮಲ್ಲೇಶ, ಮೂಟೆ ಎತ್ತಾಕ್ಲಾ. ಒತ್ತಾಯ್ತದೆ, ಓಗನ."

ನಾನು ಮೂಟೆ ಎತ್ತಿ ಹಾಕಿದೆ, ಗಾಡಿ ಸ್ಟಾರ್ಟ್ ಮಾಡಿದೆ. ಪುಟ್ಟಮಾದಣ್ಣ ಕುದುರೆಯ ಕಡೆ ತಿರುಗಿ ತಿರುಗಿ ನೋಡುತ್ತ, ಸ್ವಂತ ಮದುವೆಯಿಂದ ಎಬ್ಬಿಸಿ ಕಳಿಸಿದವನ ಹಾಗೆ ಹತ್ತಿ ಕೂತ. ಗೇಟಿನ ಹತ್ತಿರ ಬಂದಿದ್ದೆವು, ಹಿಂದೆ ಗಾಡಿಯ ತಗಡಿನ ಮೇಲೆ ಬಡಿದ ಸದ್ದಾಯಿತು.

"ನಿಲ್ಸಪ್ಪೋ! ಯಶೋದಮ್ಮ, ನೀವ್ ಇಷ್ಟಕ್ಕೆಲ್ಲ ಯಾಪಾರ ಮುರುದ್ರೆ ಎಂಗೆ? ಎಪ್ಪತ್ತು ಕೊಡಿ."

"ನಾವು ಕೇಳ್ಕಂಡ್ ಬಂದಿದ್ದು ಅರವತ್ತೈದು."

"ಆ ಮೈಸೂರಿನೋರು…"

"ಅವರ್ಗೇ ಫೋನ್ ಮಾಡಿ ಸ್ವಾಮಿ. ನಾವು ಕಾಯ್ತೀವಿ, ನಮಗೇನ್ ಅವಸ್ರ?"

ಸ್ವಾಮಿಯವರು ಫೋನನ್ನು ಜೇಬಿನಿಂದ ತೆಗೆದರು, ನೋಡಿದರು, ಮತ್ತೆ ಜೇಬಿಗೇ ಹಾಕಿಕೊಂಡರು. ಆಮೇಲೆ ಅವರಿಗೇ ನಗು ಬಂತು.

"ಅರವತ್ತೈದೇ ಆಗ್ಲಿ, ಕರ್ಕಂಡೋಗಿ."

"ಎಂಗ್ ಕರ್ಕಂಡೋಗನ? ನಮ್ ಹಗ್ಗ ಈರುಳ್ಳಿಗಾಯ್ತು."

ತಮ್ಮ ಹಗ್ಗ ಕೊಡಲು ಅವರಿಗೆ ಮನಸ್ಸು ಬರದು, ಈರುಳ್ಳಿ ಕಟ್ಟಿದ ಹಗ್ಗ ಹಾಕಲು ಇವರಿಗೆ ಬರದು. ಕೊನೆಗೆ ಗಂಗಾಧರಸ್ವಾಮಿಯವರೇ ಸ್ಕೂಟರ್ ಹತ್ತಿ ಪೇಟೆಗೆ ಹೋಗಿ ಹೊಸ ಹಗ್ಗ ತಂದರು. ಎಷ್ಟು ಕೊಟ್ಟಿರಿ ಅಂತ ಯಶೋದಕ್ಕ ಕೇಳಲಿಲ್ಲ, ಅವರೂ ಹೇಳಲಿಲ್ಲ. ಒಳಗಿಂದ ತಂದ ಅರಿಶಿನವನ್ನು ಹಗ್ಗದ ತುದಿಗೆ ತಾವೇ ಹಚ್ಚಿ, "ಹುರುಳಿ ಜತೆಗೆ ಒಂದು ತುಂಡು ಬೆಲ್ಲ ಕೊಡ್ತಿರಿ, ಅಭ್ಯಾಸ ಆಗ್ಬುಟ್ಟದೆ," ಎಂದು ಕುದುರೆಯ ಕುತ್ತಿಗೆ ಸವರಿದರು.

ವಾಪಸು ಬರುವಾಗ ಪುಟ್ಟಮಾದಣ್ಣ ಸೀಟಿಗೆ ಬರಲೇ ಇಲ್ಲ. ಹಿಂದೆ ಕುದುರೆಯ ಜೊತೆ ನಿಂತು, ಭಾನುವಾರದ ಮೆರವಣಿಗೆ ಯಾವ ಬೀದಿಯಲ್ಲಿ ಸಾಗುತ್ತದೆ, ಪಟಾಕಿ ಎಲ್ಲಿ ಹೊಡೆಯುತ್ತಾರೆ ಎಂದೆಲ್ಲ ಅದಕ್ಕೆ ಹೇಳುತ್ತಿದ್ದ. ತೆರಕಣಾಂಬಿ ದಾಟಿದ ಮೇಲೆ ಹಿಂದಿನ ಕಿಂಡಿಯಲ್ಲಿ ಮುಖ ತೂರಿಸಿದ.

"ಅಲ್ಲಾ ಕಣಮ್ಮಿ, ಅವ್ರು ಕರೀದೆ ಇದ್ದಿದ್ರೆ ಭಾನ್ವಾರ ಏನ್ ಮಾಡ್ತಿದ್ದೆ?"

"ನಿನ್ ಬೆನ್ನಿಗೆ ಜರಿ ಬಟ್ಟೆ ಹೊದಿಸಿ ನಿಲ್ಲಿಸ್ತಿದ್ದೆ," ಎಂದಳು ಯಶೋದಕ್ಕ. "ಮುಂದೆ ನೋಡ್ಕಂಡ್ ಓಡ್ಸ್ಲಾ ಮಲ್ಲೇಶ, ನಗಬ್ಯಾಡ."

ಆಗ ನೋಡಿದೆ, ಸ್ವಾಮಿಯವರ ಗೇಟಿನ ಹತ್ತಿರ ಬಿಗಿ ಹಿಡಿದಿದ್ದ ಸೆರಗಿನ ತುದಿ ಇನ್ನೂ ಅವಳ ಮುಷ್ಟಿಯಲ್ಲಿ ಮುದ್ದೆಯಾಗಿತ್ತು. ಚಂದಕವಾಡಿ ಬಂದ ಮೇಲೆಯೇ ಅವಳು ಅದನ್ನು ಬಿಟ್ಟದ್ದು.